ಊರ ಲೆಕ್ಕ: ಪಟ್ಟಿ, ಮುಯ್ಯಿ, ಬಟವಾಡೆ

(ಓದುಗರ ಪ್ರಶ್ನೆಗಳಿಗೆ ಉತ್ತರಿಸುವವರು ಭರಮಸಾಗರ ಹೋಬಳಿಯ ಹಾಲು ಉತ್ಪಾದಕರ ಸಂಘವೊಂದರ ನಿವೃತ್ತ ಕಾರ್ಯದರ್ಶಿ. ಓದುಗರೆಲ್ಲರಿಗೂ ‘ಡೇರಿ ಅಕ್ಕ’.)

ಈ ತಿಂಗಳು ಬಂದ ಪತ್ರಗಳಲ್ಲಿ ಹಬ್ಬದ ಮಾತಿದೆ, ಮದುವೆಯ ಮಾತಿದೆ, ಹಸುವಿನ ಮಾತಿದೆ. ಆದರೆ ಒಳಗೆ ಇಣುಕಿ ನೋಡಿದರೆ ಎಲ್ಲರೂ ಕೇಳಿರುವುದು ಲೆಕ್ಕವನ್ನೇ. ಹಳ್ಳಿಯನ್ನು ತಾಯಿಯ ಮಡಿಲು ಎಂದು ಹೊಗಳಿ ಬರೆಯುವವರು ಬಹಳ ಜನ ಇದ್ದಾರೆ, ಆ ಕೆಲಸ ಅವರಿಗೇ ಇರಲಿ. ಡೇರಿಯ ಪುಸ್ತಕ ಬರೆದು ಕೂದಲು ನರೆಸಿಕೊಂಡವಳು ನಾನು. ಊರು ನಡೆಯುವುದು ಕೊಡುವ ಮತ್ತು ಕೊಳ್ಳುವ ಲೆಕ್ಕದ ಮೇಲೆ. ಜಗಳ ಬರುವುದು ಆ ಪುಸ್ತಕದಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂಬಲ್ಲಿ.

ಪ್ರಶ್ನೆ: ನನ್ನ ಸ್ವಂತ ಊರು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಮನೆಗೆ ಬೀಗ ಹಾಕಿ ವರ್ಷಗಳಾದವು, ಅಡಿಕೆ ತೋಟವನ್ನು ಖೇಣಿಗೆ ಕೊಟ್ಟಿದ್ದೇವೆ. ಈಗ ಮಾರಿಹಬ್ಬಕ್ಕೆ ನಮ್ಮ ಮನೆಗೆ ಐದು ಸಾವಿರ ರೂಪಾಯಿ ಪಟ್ಟಿ ಹಾಕಿದ್ದಾರೆ. ಊರಿನಲ್ಲಿ ಇಲ್ಲದವರೂ ಕೊಡಬೇಕೆ?
– ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ: ಕೊಡಿ. ಪಟ್ಟಿ ಬೀಳುವುದು ಒಕ್ಕಲಿಗೆ, ಅಲ್ಲಿ ಮಲಗುವ ತಲೆಗಳಿಗಲ್ಲ. ಅಣ್ಣ ತಮ್ಮಂದಿರು ಬೇರೆಯಾಗಿ ಎರಡು ಒಲೆ ಹೂಡಿದ ಮರುವರ್ಷವೇ ಎರಡು ಪಟ್ಟಿ ಬರುತ್ತದೆ, ಅದಕ್ಕೆ ಯಾವ ಕಚೇರಿಯ ಆದೇಶವೂ ಬೇಕಾಗುವುದಿಲ್ಲ. ನಿಮ್ಮ ಮನೆಗೆ ಪಟ್ಟಿ ಹಾಕಿದ್ದಾರೆ ಎಂದರೆ ಊರಿನವರು ನಿಮ್ಮನ್ನು ಇನ್ನೂ ಒಕ್ಕಲು ಎಂದು ಎಣಿಸುತ್ತಿದ್ದಾರೆ ಎಂದರ್ಥ. ಹಾಕದೇ ಬಿಟ್ಟ ವರ್ಷ ನೀವು ಪತ್ರ ಬರೆದಿದ್ದರೆ ನಾನು ಹೆಚ್ಚು ಚಿಂತೆ ಮಾಡುತ್ತಿದ್ದೆ. ನಾಳೆ ನಿಮ್ಮ ತಂದೆಯವರಿಗೆ ಏನಾದರೂ ಆದರೆ ಮಣ್ಣಿಗೆ ಹೆಗಲು ಕೊಡುವವರು ಅಪಾರ್ಟ್‌ಮೆಂಟಿನ ಸಂಘದವರಲ್ಲ.

ಆದರೆ ಸುಮ್ಮನೆ ಕೊಟ್ಟು ಕೂರಬೇಡಿ. ನಮ್ಮ ಕಡೆ ಮಾರಿಹಬ್ಬ ಎಂದರೆ ಒಂದು ದಿನದ ಮಾತಲ್ಲ. ಹಂದರಗಂಬದ ಪೂಜೆಯಾಗಬೇಕು, ಸಾರು ಹಾಕಬೇಕು. ಸಾರು ಹಾಕುವ ರಾತ್ರಿ ತಮಟೆ ಬಡಿಯುತ್ತಾ ಕೇರಿ ಕೇರಿಗೂ ಹೋಗಿ ಕೂಗಿ ಹೇಳುತ್ತಾರೆ. ಅಂದಿನಿಂದ ಹಬ್ಬ ಮುಗಿಯುವವರೆಗೆ ಬೀಸುವುದು, ಕುಟ್ಟುವುದು, ಊರು ಬಿಟ್ಟು ಹೋಗಿ ರಾತ್ರಿ ತಂಗುವುದು ಇರುವುದಿಲ್ಲ. ಹಿಟ್ಟಿನ ಗಿರಣಿಯವನಿಗೂ ರಜೆ. ಅಷ್ಟರೊಳಗೆ ರೊಟ್ಟಿ ಬಡಿದು ಒಣಗಿಸಿ ಅಡುಕಲಿಗೆ ಸೇರಿಸದ ಮನೆಯವಳ ಪಾಡು ದೇವರಿಗೇ ಗೊತ್ತು. ಬೆಳಗಿನ ಜಾವ ಊರ ಸುತ್ತ ಚರಗದ ಅನ್ನ ಚೆಲ್ಲಿ ಬಂದ ಮೇಲೆ ನೆಂಟರ ಹಿಂಡು. ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ನಗರಕ್ಕೆ ನಗರವೇ ಹಳ್ಳಿಯಾಗುವುದು ಹೀಗೆಯೇ. ಮೊದಲು ಕೋಣ ಬೀಳುತ್ತಿತ್ತು. ದೇವರ ಹೆಸರಿನ ಪ್ರಾಣಿಬಲಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 1959ರಿಂದಲೇ ಇದೆ, ಈಗ ಜಾತ್ರೆಯಲ್ಲಿ ಪೊಲೀಸರೂ ನಿಂತಿರುತ್ತಾರೆ.

ಇಷ್ಟನ್ನೂ ಹೇಳಿದ್ದು ಏಕೆಂದರೆ, ಸಾರು ಹಾಕುವ ತಮಟೆ ಯಾರ ಕೈಯಲ್ಲಿದೆ ಎಂಬುದನ್ನು ನೀವು ಚಿಕ್ಕಂದಿನಲ್ಲಿ ನೋಡಿಯೇ ಇರುತ್ತೀರಿ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಡಿಯುವ ಆ ಕೇರಿಯವರಿಗೆ ಹಬ್ಬದ ಸಮಿತಿಯಲ್ಲಿ ಕೂರಲು ಜಾಗ ಇದೆಯೇ? ಬಡಿದದ್ದಕ್ಕೆ ಕೊಟ್ಟದ್ದೆಷ್ಟು? ಹಬ್ಬ ಮುಗಿದ ಮೇಲೆ ಗುಡಿಯ ಮುಂದೆ ಜಮಾ ಖರ್ಚು ಓದಿ ಲೆಕ್ಕ ಒಪ್ಪಿಸುವ ಪದ್ಧತಿ ಹಲವು ಊರುಗಳಲ್ಲಿ ಇದೆ. ಆ ದಿನ ಬಸ್ಸು ಹತ್ತಿ ಹೋಗಿ ಇವೆರಡನ್ನು ಕೇಳಿ. ಐದು ಸಾವಿರ ಕೊಟ್ಟವರಿಗೆ ಕೇಳುವ ಬಾಯಿ ಇರುತ್ತದೆ, ಕೊಡದವರಿಗೆ ಇರುವುದಿಲ್ಲ.

ಪ್ರಶ್ನೆ: ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸಿನಲ್ಲಿ ಗಂಡಸರಿಗೆ ಕೂರಲು ಸೀಟೇ ಸಿಗುವುದಿಲ್ಲ. ಈ ಹೆಂಗಸರಿಗೆ ದಿನಾ ದಾವಣಗೆರೆಯಲ್ಲಿ ಏನು ಕೆಲಸ?
– ನಿಂತೇ ಹೋಗುವವರು, ಹರಿಹರ ರಸ್ತೆ

ಉತ್ತರ: ಗಂಡಸರಿಗೆ ಇಷ್ಟು ವರ್ಷ ಏನು ಕೆಲಸವಿತ್ತೋ ಅದೇ. 2023ರ ಜೂನ್‌ಗೆ ಮೊದಲೂ ನಮಗೆ ದವಾಖಾನೆ, ಮಗಳ ಕಾಲೇಜು, ತವರು, ಸೀರೆ ಅಂಗಡಿ ಇದ್ದವು, ಹೋಗಲು ಕೈಯಲ್ಲಿ ಕಾಸು ಇರಲಿಲ್ಲ. ಬೆಣ್ಣೆದೋಸೆ ತಿನ್ನುವುದಕ್ಕೇ ಹೋದರು ಎಂದಿಟ್ಟುಕೊಳ್ಳಿ, ಅದರಲ್ಲಿ ತಪ್ಪೇನಿದೆ? ಇನ್ನೊಂದು ಬಸ್ಸು ಬಿಡಿ ಎಂದು ಡಿಪೊಗೆ ಅರ್ಜಿ ಬರೆಯಿರಿ. ಬಸ್ಸಿನಲ್ಲಿರುವ ಹೆಂಗಸರೆಲ್ಲ ಸಹಿ ಹಾಕುತ್ತಾರೆ.

ಪ್ರಶ್ನೆ: ಎರಡು ಹಸು ಕಟ್ಟಿದ್ದೇವೆ. ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಹಾಲು ಹಿಂಡುವುದು, ಡೇರಿಗೆ ಹೊತ್ತೊಯ್ಯುವುದು ಎಲ್ಲ ನಾನೇ. ಸದಸ್ಯತ್ವ ಮಾತ್ರ ಯಜಮಾನರ ಹೆಸರಿನಲ್ಲಿದೆ, ಬಟವಾಡೆ ಅವರ ಖಾತೆಗೆ ಬೀಳುತ್ತದೆ. ಹಿಂಡಿ ತನ್ನಿ ಎಂದರೆ ದುಡ್ಡೆಲ್ಲಿದೆ ಎನ್ನುತ್ತಾರೆ. ಏನು ಮಾಡಲಿ?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ತಾಯಿ, ಈ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಡೇರಿಯ ಕಿಟಕಿ ತೆಗೆದರೆ ಸಾಲಿನಲ್ಲಿ ನಿಂತಿರುವವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಇಲ್ಲವೇ ಶಾಲೆಗೆ ಹೊರಟ ಮಕ್ಕಳು. ಸೆರಗಿನಲ್ಲಿ ಕೈ ಒರೆಸಿಕೊಂಡು ತಂಬಿಗೆಯೋ ಸಣ್ಣ ಕ್ಯಾನೋ ಎತ್ತಿ ಕೊಡುತ್ತಾರೆ. ನಾನು ಅಳತೆ ಹಾಕಿ, ಸ್ಯಾಂಪಲ್ ಬಾಟಲಿಗೆ ಒಂದು ಗುಟುಕು ಹಿಡಿದು, ಫ್ಯಾಟ್ ನೋಡಿ, ಹಾಲು ಎಷ್ಟು ಗಟ್ಟಿ ಎಂದು ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಬರೆಯುವಾಗ ಕೂಗುತ್ತಿದ್ದದ್ದು ಗಂಡಸಿನ ಹೆಸರನ್ನು. ಕಿಟಕಿಯ ಆಚೆಯಿಂದ ‘ಹ್ಞೂಂ’ ಎನ್ನುತ್ತಿದ್ದದ್ದು ಹೆಂಗಸು.

ಆದರೂ ಮೊದಲು ಒಂದು ಅನುಕೂಲವಿತ್ತು. ಬಟವಾಡೆ ದಿನ ನೋಟು ಎಣಿಸಿ ಕೈಗೆ ಕೊಡುತ್ತಿದ್ದೆವು. ಯಾರು ಬಂದರೆ ಅವರ ಕೈಗೆ. ಹಾಲು ಹಾಕುವವಳೇ ಬರುತ್ತಿದ್ದಳು, ಸೊಂಟದ ಸಂಚಿಯಲ್ಲಿ ಇಟ್ಟುಕೊಂಡು ನೇರ ಅಂಗಡಿಗೆ ಹೋಗಿ ಬೇಳೆ, ಎಣ್ಣೆ, ಮಗುವಿಗೆ ಚಡ್ಡಿ ತರುತ್ತಿದ್ದಳು. ಬ್ಯಾಂಕಿನ ಖಾತೆಗೇ ಹಾಕುವ ಕ್ರಮ ಬಂದದ್ದು ಒಳ್ಳೆಯದಕ್ಕೆ. ಮಧ್ಯೆ ಯಾರೂ ಮುಟ್ಟುವಂತಿಲ್ಲ, ಕಾರ್ಯದರ್ಶಿಯ ಮೇಲೆ ಅನುಮಾನವಿಲ್ಲ. ಆದರೆ ಖಾತೆ ಯಾರದು ಎಂದು ಕೇಳುವುದನ್ನು ಎಲ್ಲರೂ ಮರೆತರು. ಹಾಲಿನ ದುಡ್ಡು ಹೆಂಗಸಿನ ಸಂಚಿಯಿಂದ ಗಂಡಸಿನ ಎಟಿಎಂ ಕಾರ್ಡಿಗೆ ಹೋದದ್ದು ಒಂದು ಸಹಿಯಲ್ಲಿ.

ಈಗ ಮಾಡಬೇಕಾದದ್ದು. ಎರಡು ಹಸುವಿನಲ್ಲಿ ಒಂದರ ಹಾಲನ್ನು ನಿಮ್ಮ ಹೆಸರಿನಲ್ಲಿ ಹಾಕಲು ಶುರು ಮಾಡಿ. ಸಂಘಕ್ಕೆ ಷೇರು ಹಣ ಕಟ್ಟಿ ಸದಸ್ಯತ್ವಕ್ಕೆ ಅರ್ಜಿ ಕೊಡಿ. ಆಧಾರ್ ಮತ್ತು ನಿಮ್ಮ ಹೆಸರಿನ ಪಾಸ್‌ಬುಕ್ ಜೆರಾಕ್ಸ್ ಜೊತೆಗಿರಲಿ. ಸದಸ್ಯರಾದ ಮೇಲೆ ಹಾಲು ಹಾಕುವುದನ್ನು ನಡುವೆ ನಿಲ್ಲಿಸಬೇಡಿ. ವರ್ಷದಲ್ಲಿ ಇಂತಿಷ್ಟು ಹಾಲು ಹಾಕಿದವರಿಗೆ ಮಾತ್ರ ಸಂಘದ ಚುನಾವಣೆಯಲ್ಲಿ ಮತ ಇರುತ್ತದೆ. ನಿಮ್ಮ ಸಂಘವೂ ನಮ್ಮ ಹಾಗೆ ಶಿವಮೊಗ್ಗದ ಒಕ್ಕೂಟಕ್ಕೇ ಸೇರಿದ್ದು. ಅದು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರು ಜಿಲ್ಲೆಗೂ ಒಂದೇ. ನಿಮ್ಮೂರ ಕಾರ್ಯದರ್ಶಿ ನೆಪ ಹೇಳಿದರೆ ಒಕ್ಕೂಟದ ವಿಸ್ತರಣಾಧಿಕಾರಿ ಊರಿಗೆ ಬಂದ ದಿನ ಅವರ ಎದುರಿಗೇ ಕೇಳಿ.

ಮನೆಯಲ್ಲಿ ಇದಕ್ಕೆ ಮುಖ ಊದಿಸಿಕೊಂಡರೆ ಇನ್ನೊಂದು ದಾರಿ ಇದೆ. ಪಶು ಆಹಾರವನ್ನು ಸಂಘದಿಂದಲೇ ಸಾಲ ತಂದು, ಅದರ ಹಣವನ್ನು ಬಟವಾಡೆಯಲ್ಲಿ ಮುರಿದುಕೊಳ್ಳಿ ಎಂದು ಕಾರ್ಯದರ್ಶಿಗೆ ಹೇಳಿಬಿಡಿ. ಹಿಂಡಿ ನಿಮ್ಮ ಮನೆ ಸೇರುತ್ತದೆ, ಉಳಿದದ್ದು ಅವರ ಖಾತೆ ಸೇರುತ್ತದೆ. ನಮ್ಮೂರಿನಲ್ಲಿ ಈ ಉಪಾಯದಿಂದ ಎಷ್ಟೋ ಹಸುಗಳು ಹೊಟ್ಟೆ ತುಂಬ ತಿಂದಿವೆ.

ಪ್ರಶ್ನೆ: ನನ್ನ ಮದುವೆಯ ಕಾರ್ಡಿನಲ್ಲಿ ‘ಮುಯ್ಯಿ ಸ್ವೀಕರಿಸುವುದಿಲ್ಲ, ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಬೇಕೆಂದಿದ್ದೇನೆ. ಅಪ್ಪ ಊಟ ಬಿಟ್ಟು ಕುಳಿತಿದ್ದಾರೆ. ತಿಳಿ ಹೇಳಿ.
– ಹೊಳಲ್ಕೆರೆ

ಉತ್ತರ: ತಮ್ಮ, ಯಾರಿಗೆ ತಿಳಿ ಹೇಳಲಿ? ಮನೆಯ ಟ್ರಂಕಿನಲ್ಲಿ ಒಂದು ಹಳೆಯ ಪುಸ್ತಕ ಇರುತ್ತದೆ, ಅಂಚೆಲ್ಲ ಅರಿಶಿನ ಹತ್ತಿರುತ್ತದೆ, ಅದನ್ನು ತೆಗೆದು ಓದು. ನಿನ್ನ ಅಪ್ಪ ಅಮ್ಮನ ಮದುವೆಯದು. ಒಬ್ಬೊಬ್ಬರ ಹೆಸರಿನ ಮುಂದೆ ಹನ್ನೊಂದು ರೂಪಾಯಿ, ಐವತ್ತೊಂದು ರೂಪಾಯಿ, ಒಂದು ಕುಪ್ಪಸದ ಕಣ, ಐದು ಸೇರು ಅಕ್ಕಿ, ಒಂದು ಹಿತ್ತಾಳೆ ಚೊಂಬು ಎಂದು ಬರೆದಿರುತ್ತದೆ. ಕೆಲವು ಹೆಸರುಗಳ ಮೇಲೆ ಅಡ್ಡ ಗೆರೆ ಇದೆಯಲ್ಲ, ಅವು ತೀರಿಸಿದ ಮುಯ್ಯಿ. ಬಂದದ್ದಕ್ಕಿಂತ ಸ್ವಲ್ಪ ಹೆಚ್ಚು ಹಾಕಿ ತೀರಿಸಬೇಕು. ಅಷ್ಟಕ್ಕಷ್ಟೇ ಹಾಕಿದರೆ ಸಂಬಂಧ ಚುಕ್ತಾ ಮಾಡಿದರು ಎಂದು ಅವರಿಗೆ ಅನಿಸುತ್ತದೆ. ಆ ಹೆಚ್ಚು ಹಾಕಿದ ಹತ್ತು ರೂಪಾಯಿ ಇದೆಯಲ್ಲ, ಊರಿನ ಸಂಬಂಧ ಇಷ್ಟು ವರ್ಷ ಉಳಿದಿರುವುದು ಅದರಲ್ಲಿ.

ಬಡ್ಡಿಯಿಲ್ಲದ, ಪತ್ರವಿಲ್ಲದ ಸಾಲ ಇದು. ಮದುವೆಯ ವಾರದಲ್ಲಿ ಕೈ ಖಾಲಿಯಾದ ಮನೆಗೆ ಊರೆಲ್ಲ ಸೇರಿ ಕೊಡುತ್ತಾರೆ, ತಮ್ಮ ಮನೆಯಲ್ಲಿ ಮದುವೆಯಾದಾಗ ಹಿಂದಕ್ಕೆ ಪಡೆಯುತ್ತಾರೆ. ನಿನ್ನ ಅಪ್ಪ ಎಷ್ಟೋ ಹಂದರದ ಕೆಳಗೆ ಕೂತು ಮುಯ್ಯಿ ಹಾಕಿ ಬಂದಿದ್ದಾರೆ. ನಿನ್ನ ಒಂದು ಸಾಲಿನ ಅಚ್ಚಿನಿಂದ ಅಷ್ಟೂ ಮನ್ನಾ. ಅವರು ಊಟ ಬಿಡದೆ ಇನ್ನೇನು ಮಾಡಬೇಕು? ಜೊತೆಗೆ, ನಿಮಗೆ ಕೊಡಬೇಕಾದವರನ್ನೂ ನೀನು ಋಣದಲ್ಲಿಯೇ ಉಳಿಸುತ್ತಿದ್ದೀಯ. ಅವರಿಗೂ ಅದು ಹಿತವಲ್ಲ.

ಒಂದನ್ನು ಮಾತ್ರ ಬಿಡಿಸು. ಮೈಕಿನಲ್ಲಿ ಹೆಸರು ಕೂಗಿ ಮೊತ್ತ ಓದುವುದು. ಐದು ಸಾವಿರ ಹಾಕಿದ ಗುತ್ತಿಗೆದಾರರ ಹೆಸರಿನ ಹಿಂದೆಯೇ ನೂರೊಂದು ಹಾಕಿದ ವಿಧವೆಯ ಹೆಸರು ಬಂದರೆ ಆಕೆ ತಟ್ಟೆಯ ಮುಂದೆ ತಲೆ ತಗ್ಗಿಸುತ್ತಾಳೆ. ಪುಸ್ತಕ ಇರಲಿ, ಮೈಕು ಹೋಗಲಿ. ಅಪ್ಪ ಇದಕ್ಕೆ ಒಪ್ಪುತ್ತಾರೆ.

ಪ್ರಶ್ನೆ: ಕಾಲೇಜಿನಲ್ಲಿ ‘ಆಯಗಾರರು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಬೇಕು. ನೀರಗಂಟಿ ಎಂದರೆ ಯಾರು? ಈಗ ಏಕೆ ಇಲ್ಲ?
– ಬಿ.ಎ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಕೆರೆಯ ತೂಬು ಎತ್ತುವ, ಇಳಿಸುವ ಅಧಿಕಾರ ಇದ್ದವನು ನೀರಗಂಟಿ. ಗೌಡರ ಗದ್ದೆಯೇ ಆಗಲಿ, ಅವನು ಮಡೆ ತಿರುಗಿಸದೆ ಒಂದು ಬೊಗಸೆ ನೀರು ಹರಿಯುವಂತಿರಲಿಲ್ಲ. ಅವನಿಗೆ ತಿಂಗಳ ಸಂಬಳ ಇರಲಿಲ್ಲ. ಕೆರೆಯ ಕೆಳಗೆ ತುಂಡು ಇನಾಂ ಜಮೀನು, ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಎಂದು ಕಾಳು, ಇದೇ ಅವನ ಆಯ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಹಡಪದವನು, ತಳವಾರ, ತೋಟಿ, ಎಲ್ಲರಿಗೂ ಹೀಗೆಯೇ ಕಣದಲ್ಲಿ ಪಾಲು.

ನಮ್ಮಂಥ ಬರದ ಸೀಮೆಯಲ್ಲಿ ನೀರಗಂಟಿಯ ಜಾಣ್ಮೆ ಗೊತ್ತಾಗುತ್ತಿದ್ದದ್ದು ಕೆರೆ ತುಂಬದ ವರ್ಷ. ಏರಿಯ ಮೇಲೆ ನಿಂತು ನೋಡಿ, ಈ ನೀರು ಇಷ್ಟು ದಿನಕ್ಕೆ, ಇಷ್ಟು ಗದ್ದೆಗೆ ಎಂದು ಅಂದಾಜು ಹೇಳುತ್ತಿದ್ದ. ಊರವರು ಕೂಡಿ ಅಚ್ಚುಕಟ್ಟಿನಲ್ಲಿ ಒಂದು ಭಾಗಕ್ಕೆ ಮಾತ್ರ ನಾಟಿ ಎಂದು ತೀರ್ಮಾನಿಸುತ್ತಿದ್ದರು, ಎಲ್ಲರೂ ಆ ಭಾಗದಲ್ಲೇ ತುಂಡು ತುಂಡು ಹಂಚಿಕೊಳ್ಳುತ್ತಿದ್ದ ಊರುಗಳೂ ಇದ್ದವು. ನೀರಗಂಟಿಗೆ ಸಾಮಾನ್ಯವಾಗಿ ದೊಡ್ಡ ಹೊಲ ಇರುತ್ತಿರಲಿಲ್ಲ. ಅನೇಕ ಕಡೆ ಅವನು ದಲಿತ ಕೇರಿಯವನು. ಸ್ವಂತ ಗದ್ದೆಯ ಆಸೆ ಇಲ್ಲದವನ ಕೈಗೆ ನೀರು ಕೊಡುವುದು ಊರಿನ ಎಚ್ಚರಿಕೆ. ತೂಬು ಮುಟ್ಟಲು ಅವನು ಬೇಕು, ಬಾವಿ ಮುಟ್ಟಲು ಅವನು ಬೇಡ. ಪ್ರಬಂಧದಲ್ಲಿ ಇದನ್ನು ಬಿಡಬೇಡಿ. ಗ್ರಾಮ ಸ್ವರಾಜ್ಯದ ಸೊಗಸು ಎಂದು ಆಯಗಾರಿಕೆಯನ್ನು ಹೊಗಳಿ ಬರೆದರೆ ಮೇಷ್ಟ್ರು ಅಂಕ ಕೊಡಬಹುದು, ನಾನು ಕೊಡುವುದಿಲ್ಲ.

ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾನೂನು 1961ರಲ್ಲಿ ಬಂತು. ಪಟೇಲ, ಶಾನುಭೋಗರ ಜೊತೆಗೆ ಕೆಳಗಿನ ಹುದ್ದೆಗಳೂ ಹೋದವು. ಆಮೇಲೆ ಕೊಳವೆಬಾವಿ ಬಂತು. ತನ್ನ ಹೊಲದಲ್ಲಿ ತನ್ನದೇ ನೀರು ಇದ್ದವನಿಗೆ ಕೆರೆ ಏಕೆ, ನೀರಗಂಟಿ ಏಕೆ? ಏರಿಯ ಮೇಲೆ ಜಾಲಿ ಬೆಳೆಯಿತು.

ಈಗ ಕಥೆ ತಿರುಗಿದೆ. ಹರಿಹರದ ಕಡೆಯಿಂದ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಎತ್ತಿ ತಂದು ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಭರಮಸಾಗರದ ದೊಡ್ಡ ಕೆರೆಗೆ ನೀರು ಬಂದದ್ದು 2021ರಲ್ಲಿ. ದೀಟೂರಿನ ಹತ್ತಿರ ಎತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆಯೂ ಇದೆ. ಬತ್ತಿದ ಕೆರೆಗೆ ನೀರು ಬಂದ ದಿನ ಮುದುಕಿಯರು ಮಡಿಲಕ್ಕಿ ತಂದು ಬಾಗಿನ ಬಿಟ್ಟರು. ಮೂರನೆಯ ದಿನಕ್ಕೆ ಜಗಳ. ಮೀನು ಯಾರದು, ಪಂಪ್‌ಸೆಟ್ ಇಡಬಹುದೇ, ತೂಬು ಯಾರು ಎತ್ತಬೇಕು? ನೀರು ಬಂದಿದೆ, ನೀರಗಂಟಿ ಇಲ್ಲ. ನಿಮ್ಮ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಪುಸ್ತಕದಿಂದ ಇಳಿಸಬೇಡಿ, ಒಂದು ಕೆರೆಯ ಏರಿಯ ಮೇಲೆ ಹೋಗಿ ಕೇಳಿ ಬನ್ನಿ.

ಪ್ರಶ್ನೆ: ಊರಿನ ಕ್ಷೌರದ ಅಂಗಡಿಗೆ ನಮ್ಮ ಕೇರಿಯ ಹುಡುಗರು ಹೋದರೆ ಪ್ರತಿ ಸಲವೂ ‘ಬ್ಲೇಡ್ ಮುಗಿದಿದೆ’ ಎನ್ನುತ್ತಾರೆ. ತಾಲ್ಲೂಕು ಕೇಂದ್ರಕ್ಕೆ ಹೋಗಿ ಕೂದಲು ಕತ್ತರಿಸಿಕೊಂಡು ಬರುತ್ತೇವೆ. ಊರಿನಲ್ಲಿ ಒಗ್ಗಟ್ಟು ಕೆಡಿಸಬೇಡಿ ಎಂದು ಹಿರಿಯರು ಹೇಳುತ್ತಾರೆ.
– ಪದವೀಧರ, ಹೊಸದುರ್ಗ ತಾಲ್ಲೂಕು

ಉತ್ತರ: ಮುಂದಿನ ಸಲ ಬ್ಲೇಡ್ ನೀವೇ ತೆಗೆದುಕೊಂಡು ಹೋಗಿ, ಆಗ ಏನು ಮುಗಿದಿದೆ ಎನ್ನುತ್ತಾರೆ ನೋಡೋಣ.

ತಮಾಷೆ ಸಾಕು. ಅಂಗಡಿಯವನು ತಾನೇ ದೊಡ್ಡ ಮನುಷ್ಯನಲ್ಲ. ಊರಿನ ನಾಲ್ಕು ಮನೆಯವರು ಬರುವುದು ನಿಲ್ಲಿಸಿದರೆ ಅವನ ಒಲೆ ಆರುತ್ತದೆ, ಅವನಿಗೆ ಅದೇ ಹೆದರಿಕೆ. ಹಾಗಾಗಿ ಮೊದಲು ಆ ನಾಲ್ಕು ಮನೆಯವರನ್ನು ಹಿಡಿಯಬೇಕು. ನಾನು ಡೇರಿಗೆ ಸೇರಿದ ಹೊಸದರಲ್ಲಿ ಅಂಥವರೇ ಇಬ್ಬರು ಬಂದು, ಕೆಳಗಿನ ಕೇರಿಯ ಹಾಲಿಗೆ ಬೇರೆ ಕ್ಯಾನ್ ಇಡಬಹುದಲ್ಲ ಎಂದಿದ್ದರು. ಇಡುತ್ತೇನೆ, ಆ ಕ್ಯಾನಿಗೆ ಬೇರೆ ಲಾರಿಯನ್ನೂ ಬೇರೆ ಡೇರಿಯನ್ನೂ ನೀವೇ ತನ್ನಿ ಎಂದೆ. ಹಾಲು ಒಂದೇ ಕ್ಯಾನಿನಲ್ಲಿ ಬೆರೆಯಿತು, ಅದೇ ಹಾಲಿನಿಂದ ಬಂದ ದುಡ್ಡನ್ನು ಅವರು ಒಮ್ಮೆಯೂ ಬೇಡ ಎನ್ನಲಿಲ್ಲ.

ಹೇಳಿ ಕೇಳದಿದ್ದರೆ ಕಾನೂನು ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಎರಡರಡಿಯಲ್ಲೂ ಇದು ಅಪರಾಧ. ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ, ಸಮಾಜ ಕಲ್ಯಾಣ ಇಲಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋಗಬೇಡಿ. ಒಗ್ಗಟ್ಟು ಕೆಡುತ್ತದೆ ಎನ್ನುವ ಹಿರಿಯರನ್ನು, ಯಾರ ಒಗ್ಗಟ್ಟು ಎಂದು ಒಮ್ಮೆ ಕೇಳಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗೆ ಇಡುತ್ತಾರೆ. ಒಳಗೆ ಕರೆದರೆ ದೇವರು ಮುನಿಯುತ್ತಾನೆ ಎಂದು ಅತ್ತೆಯಂದಿರೇ ಹೇಳುತ್ತಾರೆ.
– ಹಿರಿಯೂರು ತಾಲ್ಲೂಕು

ಉತ್ತರ: ಇದರಲ್ಲಿ ಎರಡು ಮಾತಿಲ್ಲ. ನೆರೆಯ ತುಮಕೂರು ಜಿಲ್ಲೆಯ ಹಟ್ಟಿಯೊಂದರ ಹೊರಗೆ ಗುಡಿಸಲಿನಲ್ಲಿ ಇರಿಸಿದ್ದ ಹಸುಗೂಸು 2023ರ ಮಳೆಗಾಲದಲ್ಲಿ ಶೀತ ತಡೆಯದೆ ಸತ್ತಿತು. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ನಮ್ಮ ರಾಜ್ಯದ 2017ರ ಕಾನೂನು 2020ರಿಂದ ಜಾರಿಯಲ್ಲಿದೆ. ಹೆಂಗಸರನ್ನು ಹೀಗೆ ಬಲವಂತವಾಗಿ ಹೊರಗಿಡುವುದು ಅದರಲ್ಲಿ ಅಪರಾಧ. ಅದರ ಪ್ರತಿ ನಿಮ್ಮ ಚೀಲದಲ್ಲಿರಲಿ, ಆದರೆ ಅದನ್ನೇ ಮೊದಲು ತೆಗೆಯಬೇಡಿ. ಹಟ್ಟಿಯಲ್ಲಿ ಪೂಜಾರಿಯ ಮಾತು ನಡೆಯುತ್ತದೆ, ಪೂಜಾರಿಯ ಮನೆಯಲ್ಲಿ ಅವನ ತಾಯಿಯ ಮಾತು ನಡೆಯುತ್ತದೆ. ಆ ಮುದುಕಿಯ ಹತ್ತಿರ ಕೂತು, ಆಕೆ ಬಾಣಂತಿಯಾಗಿ ಹೊರಗೆ ಕಳೆದ ರಾತ್ರಿಗಳ ಬಗ್ಗೆ ಕೇಳಿ. ಹೇಳುತ್ತಾಳೆ. ಹೆಂಗಸರು ಉಳಿಯಲೆಂದೇ ಹಟ್ಟಿಯ ಹೊರಗೆ ಸರ್ಕಾರ ಕಟ್ಟಿಸಿದ ಕಟ್ಟಡಗಳೂ ಇವೆ. ಸಿಮೆಂಟಿನದಾದರೂ ಹೊರಗೆ ಎಂದರೆ ಹೊರಗೇ, ನನಗೆ ಅದು ಒಪ್ಪಿಗೆಯಿಲ್ಲ. ಕೂಸಿನ ಮೈ ತಣ್ಣಗಾಗಿದ್ದರೆ ಮಾತು ಬಿಟ್ಟು 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾವು ಮ್ಯಾಸನಾಯಕರು. ಪಟ್ಟಣದಲ್ಲಿ ಓದುವ ಮೊಮ್ಮಗ ಕೇಳುತ್ತಾನೆ, ಉಳದ, ಮಾರದ ದೇವರ ಎತ್ತುಗಳಿಗೆ ಊರೆಲ್ಲ ಸೇರಿ ಮೇವು ಹಾಕುವುದೇಕೆ? ಇದರಿಂದ ಏನು ಲಾಭ?
– ಚಳ್ಳಕೆರೆ ತಾಲ್ಲೂಕಿನ ಅಜ್ಜ

ಉತ್ತರ: ಅಜ್ಜ, ಡೇರಿಯ ಲೆಕ್ಕದಲ್ಲಿ ಲಾಭವಿಲ್ಲ. ಲೀಟರಿನಲ್ಲಿ ಅಳೆದರೆ ದೇವರ ಎತ್ತು ಸೊನ್ನೆ. ಮೊಮ್ಮಗನಿಗೆ ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ, ಇಲ್ಲದಿದ್ದರೆ ಅವನು ಕೇಳುವುದಿಲ್ಲ.

ಆಮೇಲೆ ಅವನನ್ನು ಎತ್ತು ಕಾಯುವ ಕಿಲಾರಿಯ ಜೊತೆ ಒಂದು ದಿನ ಕಾವಲಿಗೆ, ಅಂದರೆ ಹುಲ್ಲುಗಾವಲಿಗೆ ಕಳಿಸಿ. ಮನೆ ಮಠ ಬಿಟ್ಟು ಎತ್ತಿನ ಹಿಂದೆಯೇ ಬದುಕುವ ಆತನಿಗೆ ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಕಟ್ಟೆಯಲ್ಲಿ ಎಂದಿನವರೆಗೆ ನೀರು ನಿಲ್ಲುತ್ತದೆ ಎಂಬುದು ಬಾಯಿಪಾಠ. ಮೈಸೂರು ಅರಸರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳು ನಿಮ್ಮ ಸೀಮೆಯಲ್ಲಿ ಬಹಳ ಇದ್ದವು. ಊರಿನ ಕುರಿ, ದನ, ದೇವರ ಎತ್ತು ಎಲ್ಲ ಅಲ್ಲಿಯೇ ಮೇಯುತ್ತಿದ್ದವು. ಚಳ್ಳಕೆರೆಯ ಕಾವಲಿನಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಕುದಾಪುರದ ಕಡೆ ಹೋದರೆ ಗೋಡೆ ಕಾಣುತ್ತದೆ. ಪಹಣಿಯಲ್ಲಿ ಕುರಿಯವನ ಹೆಸರಿರಲಿಲ್ಲ, ಎತ್ತಿನ ಹೆಸರೂ ಇರಲಿಲ್ಲ. ಇರುವ ಕಾವಲಾದರೂ ಉಳಿಯಬೇಕಾದರೆ ‘ಇದು ನಮ್ಮದು’ ಎನ್ನಲು ಒಂದು ಹಿಂಡು ಅಲ್ಲಿ ನಿಂತಿರಬೇಕು. ಹಸಿದವನ ಕುರಿ ಮಾರಾಟವಾಗುತ್ತದೆ, ಸಾಲಗಾರನ ಎತ್ತು ಸಂತೆಗೆ ಹೋಗುತ್ತದೆ. ಮಾರುವಂತಿಲ್ಲದ, ಸತ್ತರೆ ಮಣ್ಣು ಮಾಡಿ ಪೂಜಿಸುವ ದೇವರ ಎತ್ತು ಮಾತ್ರ ಬರಗಾಲದಲ್ಲೂ ಅಲ್ಲಿಯೇ ಇರುತ್ತದೆ. ಮೊಮ್ಮಗನಿಗೆ ಈ ಲಾಭ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಆಗದಿದ್ದರೆ ನಾಯಕನಹಟ್ಟಿ ಜಾತ್ರೆಗೆ ಕರೆದುಕೊಂಡು ಹೋಗಿ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ಕಥೆಯನ್ನು ದಾರಿಯಲ್ಲಿ ಹೇಳಬಹುದು.

ಪ್ರಶ್ನೆ: ನನ್ನ ಮತ್ತು ಅಣ್ಣನ ಹೊಲದ ನಡುವಿನ ಬದುವಿನ ಜಗಳ. ಪ್ರತಿ ವರ್ಷ ಮೆಕ್ಕೆಜೋಳ ಬಿತ್ತುವಾಗ ಅವನು ಒಂದೊಂದು ಸಾಲು ಒಳಗೆ ಬರುತ್ತಾನೆ. ಮಾತು ಬಿಟ್ಟಿದ್ದೇವೆ. ಕೋರ್ಟಿಗೆ ಹೋಗಲೇ?
– ಆನಗೋಡು ಹೋಬಳಿ

ಉತ್ತರ: ಬೇಡ, ಈಗಲೇ ಬೇಡ. ಕೋರ್ಟಿನಲ್ಲಿ ನಿಮ್ಮ ಮೊಮ್ಮಕ್ಕಳು ವಾಯಿದೆ ಕೇಳಿಕೊಂಡು ಬರುತ್ತಾರೆ, ಬದು ಅಲ್ಲಿಯೇ ಇರುತ್ತದೆ. ಮೊದಲು ಪಹಣಿ ನೋಡಿ. ಇನ್ನೂ ಜಂಟಿಯಾಗಿದ್ದರೆ ಪೋಡಿ, ಅಂದರೆ ಅಳೆದು ದಾಖಲೆಯಲ್ಲಿ ಬೇರೆ ಬೇರೆ ಮಾಡಿಸಿಕೊಳ್ಳಬೇಕು. ಬೇರೆ ಬೇರೆ ಇದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು ಅರ್ಜಿ ಹಾಕಿ. ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಬಂದು ಅಳೆಯುತ್ತಾರೆ. ಅಳೆಯುವ ದಿನ ಊರಿನ ಇಬ್ಬರು ಹಿರಿಯರು ಇರಲಿ, ಕಲ್ಲನ್ನು ಅಂದೇ ನೆಡಿಸಿ, ಫೋಟೊ ತೆಗೆಸಿ. ಅಳತೆಯಲ್ಲಿ ನಿಮ್ಮ ಕಡೆಗೇ ಎರಡು ಸಾಲು ಹೆಚ್ಚು ಬಂದಿದ್ದರೆ ಬಿಟ್ಟುಕೊಡಲು ಈಗಲೇ ಮನಸ್ಸು ಮಾಡಿಕೊಂಡು ಹೋಗಿ. ಅರ್ಜಿ ಹಾಕುವವರು ಯಾರೂ ಆ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಣ್ಣ ಅಳತೆಯನ್ನೂ ಒಪ್ಪದಿದ್ದರೆ ಸಿರಿಗೆರೆ ಇದೆ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರಗಳಂದು ಕೂರುತ್ತದೆ. ಎರಡೂ ಕಡೆಯವರನ್ನು ಎದುರಿಗೆ ಕೂರಿಸಿ ಕೇಳುತ್ತಾರೆ, ಎಲ್ಲ ಜಾತಿಯವರೂ ವ್ಯಾಜ್ಯ ತರುತ್ತಾರೆ. ಅಲ್ಲಿಗೆ ಪಹಣಿ, ಹದ್ದುಬಸ್ತಿನ ನಕ್ಷೆ, ಪಾಲು ಪಾರೀಖತ್ತು ಪತ್ರ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಬರಿಗೈಯಲ್ಲಿ ಹೋದರೆ ಇನ್ನೊಂದು ಸೋಮವಾರ ಬನ್ನಿ ಎನ್ನಿಸಿಕೊಳ್ಳಬೇಕಾಗುತ್ತದೆ. ಅಣ್ಣನಿಗೆ ನೋಟಿಸ್ ಹೋಗುವ ಮೊದಲು ಅತ್ತಿಗೆಗೆ ಒಂದು ಮಾತು ತಿಳಿಸಿ. ಮಾತು ಬಿಟ್ಟಿರುವುದು ನೀವಿಬ್ಬರು, ಹೆಂಗಸರು ಡೇರಿಯ ಸಾಲಿನಲ್ಲಿ ದಿನಾ ಮಾತನಾಡುತ್ತಲೇ ಇರುತ್ತಾರೆ.